ಸಣ್ಣ ಗೇರು

ಜುಲೈ ೨, ಮಂಗಳವಾರ

ಈ ಗಾಡಿಗೆ ಎರಡು ಗೇರು. ದೊಡ್ಡದು ದಿನವೂ ಕೈಗೆ ಸಿಗುವಂಥದ್ದು. ಅದರ ಪಕ್ಕದ ಗೇಣುದ್ದದ ಸಣ್ಣ ಗೇರಿಗೆ ಎರಡು ವರ್ಷದಿಂದ ಬುತ್ತಿಯ ಚೀಲ ತೂಗುಹಾಕುತ್ತಿದ್ದೆ. ಮುಚ್ಚಿದ ಗಣಿಯೊಂದರಿಂದ ಕೊಂಡ ಪಿಕಪ್ಪು; ನಾಲ್ಕೂ ಗಾಲಿ ಎಳೆಯುತ್ತವೆ ಎಂದು ಮಾರಿದವರು ಹೇಳಿದ್ದರು. ಶಹಾಬಾದದ ಡಿಪೋದಿಂದ ವಾಡಿಗೋ ಚಿತ್ತಾಪುರಕ್ಕೋ ಫರಸಿ ಕಲ್ಲು ಮುಟ್ಟಿಸುವ ನನಗೆ ಎರಡು ಗಾಲಿ ಸಾಕಾಗಿದ್ದವು.

ಭಾನುವಾರ ಬಸ್ಸಮ್ಮನ ಫೋನು ಬಂದಿತ್ತು. ಅಕ್ಕನ ನೆರೆಮನೆಯವಳು. ಹಳ್ಳದ ಹಳೆಯ ಸೇತುವೆ ಒಡೆದು ಹೊಸದು ಕಟ್ಟುತ್ತಿದ್ದಾರೆ, ಬದಿಗೆ ಮಾಡಿದ್ದ ದಾರಿ ಮೊದಲ ಮಳೆಗೇ ಕೊಚ್ಚಿಹೋಗಿದೆ, ಅಕ್ಕನನ್ನು ಡಯಾಲಿಸಿಸ್‌ಗೆ ಸೇಡಂಗೆ ಒಯ್ಯುತ್ತಿದ್ದ ಆಟೋದವನು ಒಲ್ಲೆ ಅಂದಿದ್ದಾನೆ. ಮಂಗಳವಾರ, ಶುಕ್ರವಾರ ತಪ್ಪದೆ ಆಗಬೇಕಾದದ್ದು. ಕಳೆದ ಶುಕ್ರವಾರ ತಪ್ಪಿದೆ. ಒಂದು ತಪ್ಪಿದರೆ ಕಾಲು ಬಾಯುತ್ತವೆ. ಎರಡು ತಪ್ಪಿದರೆ ನೀರು ಎದೆಗೇರುತ್ತದೆ.

‘ಹೊಲದ ದಾರಿ ಹಿಡದು ಬರ್ರಿ. ನಿಮ್ಮದು ನಾಕು ಗಾಲಿ ಗಾಡಿ ಅದ ಅಂತಲ್ರಿ, ಅಕ್ಕೋರು ಹೇಳ್ಯಾರ.’

ಅಕ್ಕನಿಗೆ ನಾನು ಹೇಳಿದ ನೆನಪಿಲ್ಲ.

ಐದೂವರೆಗೆ ಬಿಟ್ಟೆ. ತೆಂಗಳಿಯ ಕಡೆ ಡಾಂಬರು ಮುಗಿದಲ್ಲಿಂದ ಹೊಲದ ದಾರಿ ಮೂರು ಕಿಲೋಮೀಟರು: ಮೊದಲು ಹಾಸುಬಂಡೆ, ಆಮೇಲೆ ಎರೆಮಣ್ಣು, ಹಳ್ಳ, ಮತ್ತೆ ಎರೆಮಣ್ಣು, ಊರು. ನಾವು ಹುಟ್ಟಿದ ಊರೇ. ಅಕ್ಕನನ್ನು ಕೊಟ್ಟದ್ದೂ ಅಲ್ಲಿಗೇ, ಎರಡು ಓಣಿ ಆಚೆ. ಹಳ್ಳ ಮುಟ್ಟುವ ಮುಂಚೆಯೇ ಹಿಂದಿನ ಗಾಲಿ ಹೂತವು. ಚೀಲ ತೆಗೆದು ಸಣ್ಣ ಗೇರು ಹಿಡಿದೆ. ತುಕ್ಕು ತಿಂದ ಚಿಲಕದ ಹಾಗೆ ಕೂತಿತ್ತು. ಎರಡೂ ಕೈಯಿಂದ ಜಗ್ಗಿದ ಮೇಲೆ ಬಿತ್ತು. ಆಕ್ಸಿಲರೇಟರ್ ಒತ್ತಿದೆ. ಮುಂದಿನ ಗಾಲಿ ಮಿಸುಕಲಿಲ್ಲ. ಹಿಂದಿನವು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು.

ಬಸ್ಸಮ್ಮ ಎತ್ತು ಹೊಡೆದುಕೊಂಡು ಬಂದಳು. ಹಗ್ಗ ಬಿಗಿಯುತ್ತ, ‘ನಾಕು ಗಾಲಿ ಅಂತ ಹೆಸರು. ಎಳದದ್ದು ಎಂಟು ಕಾಲು’ ಅಂದಳು.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂವರೆ. ನಾಲ್ಕು ತಾಸಿನ ಬದಲು ಮೂರು ತಾಸು ಸಿಕ್ಕಿತು. ವಾಪಸು ಬರುವಾಗಲೂ ಎತ್ತುಗಳೇ. ಈಗ ಶಹಾಬಾದದಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ಸಲ ಸ್ನಾನ ಮಾಡಿದರೂ ಉಗುರಿನೊಳಗಿನ ಮಣ್ಣು ಹೋಗಿಲ್ಲ. ಎರೆಮಣ್ಣಿನಲ್ಲಿ ಗಾಡಿ ಸಿಕ್ಕಿಕೊಂಡದ್ದು ಇದೇ ಮೊದಲು.

ಮೊದಲು ಎಂದು ಬರೆದುಬಿಟ್ಟೆ. ಇರಲಿ. ಇದನ್ನು ಓದುವವರು ಯಾರೂ ಇಲ್ಲ.

ಜುಲೈ ೪, ಗುರುವಾರ

ವಾಡಿಗೆ ಹೋಗಿ ಮಜೀದಸಾಬನ ತಗಡಿನ ಷೆಡ್ಡಿನಲ್ಲಿ ಗಾಡಿ ನಿಲ್ಲಿಸಿದೆ. ಎಪ್ಪತ್ತರ ಹತ್ತಿರದ ಮನುಷ್ಯ. ಮೊದಲು ಚಿಂಚೋಳಿಯ ಕಾಡಿನಲ್ಲಿ, ಆಮೇಲೆ ಗಣಿಗಳಲ್ಲಿ ಜೀಪು ಓಡಿಸಿದವನು. ಬಾನೆಟ್ಟು ಎತ್ತಲೇ ಇಲ್ಲ. ಸೀದಾ ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ.

‘ಸಾವಕಾರ್ರ, ಈ ಗುಂಡಿ ತಿರುವಿದ್ರೇನು?’

ಗಾಲಿಯ ನಟ್ಟನಡುವೆ ಅಂಗೈಯಗಲದ, ಬಿರಡೆಯಂಥ ಒಂದು ಗುಂಡಿ. ಎರಡು ವರ್ಷ ಅದನ್ನು ಅಲಂಕಾರ ಎಂದುಕೊಂಡಿದ್ದೆ.

‘ಇದಕ್ಕ ಹಬ್ ಅಂತಾರ. ಇದು ತಿರುವಿದ್ರ ಮುಂದಿನ ಗಾಲಿ ಎಳೀತದ. ನೀವು ಒಳಗ ಕುಂತು ಸಣ್ಣ ಗೇರ್ ಜಗ್ಗಿದ್ರ ಇಂಜಿನಿಗಿ ತಿಳೀತದ, ಗಾಲಿಗಿ ತಿಳಿಯಂಗಿಲ್ಲ. ತಳಗ ಇಳೀಬೇಕು. ಬಗ್ಗಬೇಕು. ಎರಡೂ ಗಾಲಿ ಮುಟ್ಟಬೇಕು.’

‘ಪ್ರತಿ ಸಲ?’

‘ನಾ ನಮಾಜಿಗಿ ಪ್ರತಿ ಸಲ ಕೈಕಾಲು ತೊಳೀತೀನಿ. ಬ್ಯಾಸರ ಬಂದದೇನು?’

ಯಾವಾಗ ಹಾಕಬೇಕು ಎಂದು ಕೇಳಿದೆ. ‘ಮಣ್ಣು ಬರೂದಕ್ಕ ಮದಲ. ಹೂತ ಮ್ಯಾಲ ಹಾಕೂದು ಅಂದ್ರ ಜನಾಜಾ ಎದ್ದ ಮ್ಯಾಲ ಹಕೀಮಗ ಕರದಂಗ.’

ಗಟ್ಟಿ ನೆಲ ಬಂದ ಕೂಡಲೆ ತೆಗೆಯಬೇಕಂತೆ. ‘ಮಣ್ಣಾಗ ಒಂದು ಗಾಲಿ ತುಸು ಜಾರಿ ಇನ್ನೊಂದಕ್ಕ ಹಾದಿ ಬಿಡ್ತದ. ಡಾಂಬರ ಮ್ಯಾಲ, ಕಲ್ಲಿನ ಮ್ಯಾಲ ಯಾವದೂ ಜಾರಂಗಿಲ್ಲ, ಯಾವದೂ ಬಿಡಂಗಿಲ್ಲ. ಜಗಳ ಒಳಗೇ ಉಳೀತದ. ಕಡೀಕ ಏನರ ಮುರೀತದ.’

ಗೇರಿನ ಬುಡಕ್ಕೆ ಗ್ರೀಸ್ ತುಂಬಿದ. ಹೊರಡುವಾಗ ಕಿಟಕಿಗೆ ಬಂದು, ‘ಬಳಸಲಾರದ ಬಿಟ್ರ ಹಿಡಕೋತದ. ಮಳಿ ಇರ್ಲಿ ಬಿಡ್ಲಿ, ತಿಂಗಳಿಗೊಮ್ಮೆ ಮಣ್ಣಾಗ ಓಡಸ್ರಿ’ ಅಂದ.

ಬುತ್ತಿಯ ಚೀಲವನ್ನು ಹಿಂದೆ ಇಟ್ಟಿದ್ದೇನೆ.

ಜುಲೈ ೫, ಶುಕ್ರವಾರ

ಹಾಸುಬಂಡೆ ಮುಗಿಯುವಲ್ಲಿ ನಿಲ್ಲಿಸಿದೆ. ಇಳಿದೆ. ಬಲಗಾಲಿ, ಎಡಗಾಲಿ. ಹತ್ತಿ ಸಣ್ಣ ಗೇರು. ಮಣ್ಣಿಗೆ ಇಳಿದಾಗ ಬೇರೆಯೇ ಗಾಡಿ. ಮುಂದಿನಿಂದ ಯಾರೋ ಮುಂಗೈ ಹಿಡಿದು ಕರೆದೊಯ್ಯುವಂತೆ. ಹಳ್ಳದಲ್ಲಿ ಮೊಣಕಾಲು ನೀರು. ಎತ್ತು ಬೇಕಾಗಲಿಲ್ಲ. ಬಸ್ಸಮ್ಮನಿಗೆ ಸ್ವಲ್ಪ ನಿರಾಸೆಯಾಯಿತು.

ಸೀಟು ಅಕ್ಕನಿಗೆ ಎತ್ತರ. ಹತ್ತಲು ಒಂದು ತುಂಡು ಫರಸಿ ಇಟ್ಟೆ.

ವಾರ್ಡಿನಲ್ಲಿ ಪಕ್ಕದ ಮಂಚದ ಹೆಂಗಸಿಗೆ ಅಕ್ಕ ನನ್ನ ಪರಿಚಯ ಹೇಳಿದಳು. ‘ನಮ್ಮ ತಮ್ಮರಿ. ಶಾಬಾದಾಗ ಕಲ್ಲಿನ ಡಿಪೋ ಅದ. ನಮ್ಮಪ್ಪ ಸತ್ತ ದಿನ ಯರಿಮಣ್ಣಾಗ ಗಾಡಿ ಸಿಕ್ಕೊಂಡು ನಾಕು ತಾಸು ಒದ್ದಾಡ್ಯಾನ. ಮಣ್ಣು ಕೊಡಾಕ ಸಿಗಲಿಲ್ಲ ಪಾಪ. ಅದಕ್ಕೇ ನೋಡ್ರಿ, ಈಗ ನಾಕು ಗಾಲಿ ಗಾಡೀನೇ ತಗೊಂಡಾನ.’

ನಾನು ಯಂತ್ರ ನೋಡುತ್ತಿದ್ದೆ. ರಕ್ತ ಕೊಳವೆಯಲ್ಲಿ ಹೊರಗೆ ಬಂದು, ಸುತ್ತಿ, ಒಳಗೆ ಹೋಗುತ್ತದೆ. ಪಂಪು ನಿಮಿಷಕ್ಕೆ ಎಷ್ಟು ಸುತ್ತು ಹೊಡೆಯುತ್ತದೆಂದು ಎಣಿಸಿದೆ.

ಜುಲೈ ೯, ಮಂಗಳವಾರ

ತೆಗೆಯುವುದನ್ನು ಮರೆತೆ. ಹಾಸುಬಂಡೆ ದಾಟಿ, ಡಾಂಬರು ಹಿಡಿದು, ಸೇಡಂವರೆಗೆ ನಾಲ್ಕರಲ್ಲೇ ಹೋದೆ. ಸ್ಟೇರಿಂಗು ಕಲ್ಲಾಗುತ್ತ ಬಂತು. ಆಸ್ಪತ್ರೆಯ ಗೇಟಿನಲ್ಲಿ ತಿರುಗಿಸುವಾಗ ಗಾಡಿ ಕುಂಟಿತು, ಗಾಲಿ ಕೀರಲು ದನಿ ತೆಗೆದವು. ಕಾವಲಿನವನು ಎದ್ದು ನಿಂತ. ಸಣ್ಣ ಗೇರು ಈಗ ಹಿಂದಕ್ಕೂ ಬರಲೊಲ್ಲದು.

ಮಜೀದಸಾಬನಿಗೆ ಫೋನು ಮಾಡಿದೆ. ‘ಹಟಕ್ಕ ಬಿದ್ದಾದ. ಜಗ್ಗಬ್ಯಾಡ್ರಿ. ಸೀದಾ ಹಿಂದಕ ಹತ್ತು ಮಾರು ಬಿಡ್ರಿ, ತಾನೇ ಸಡ್ಲ ಆಗ್ತದ.’

ಬಿಟ್ಟೆ. ಒಳಗೆ ಏನೋ ಠಣ್ಣೆಂದಿತು, ಗೇರು ಕೈಗೆ ಹಗುರಾಯಿತು. ಅಕ್ಕ ಕೇಳಿದಳು: ‘ಏನಾತೋ ಅಶೋಕ್ಯಾ?’

‘ಏನಿಲ್ಲ.’

‘ನಿಂದು ಯಾವಾಗ್ಲೂ ಏನಿಲ್ಲ.’

ಜುಲೈ ೧೯, ಶುಕ್ರವಾರ

ನಾಲ್ಕು ಗಾಲಿ ಎಳೆಯುವುದರಿಂದ ನಾಲ್ಕು ಪಟ್ಟು ಧೈರ್ಯ ಬರುತ್ತದೆ. ಎರೆಮಣ್ಣಿನಲ್ಲಿ ತುಸು ಜೋರಾಗಿ ಬಂದೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಕೇಳಲಿಲ್ಲ. ಎಣ್ಣೆ ಹಚ್ಚಿದ ಹಲಗೆಯ ಹಾಗೆ ಜಾರಿ ಅಂಬರಾಯನ ತೊಗರಿ ಹೊಲದಲ್ಲಿ ನಿಂತಿತು. ಗಾಲಿಗೆ ಮಣ್ಣು ಮೆತ್ತಿ ಹಲ್ಲೇ ಕಾಣುತ್ತಿರಲಿಲ್ಲ. ಅಂಬರಾಯ ಕಳೆ ತೆಗೆಯುವ ಕುರ್ಚಿಗಿ ಹಿಡಿದುಕೊಂಡೇ ಬಂದ.

‘ನಿಮ್ಮ ನಾಕು ಗಾಲಿಗಿ ನಮ್ಮ ತೊಗರೀನೇ ಬೇಕಾಗಿತ್ತೇನ್ರಿ?’

ಅಕ್ಕ ಕಿಟಕಿಯಿಂದ ತಲೆ ಹಾಕಿದಳು. ‘ಕಳೀ ತಗಿಯವನಿದ್ದಿ ಹೌದಿಲ್ಲೋ? ನಮ್ಮ ತಮ್ಮ ತಗದಾನ, ತಗೋ.’

ಅವನು ನಕ್ಕ. ನಾನು ನಗಬಹುದಾಗಿತ್ತು.

ಮಜೀದಸಾಬನ ತೀರ್ಪು: ‘ನಾಕು ಗಾಲಿ ಹೋಗಾಕ ಅದಾವರಿ, ನಿಂದ್ರಾಕ ಅಲ್ಲ. ಬ್ರೇಕು ಎಲ್ಲಾ ಗಾಡಿಗೂ ಒಂದೇ.’

ಜುಲೈ ೨೩, ಮಂಗಳವಾರ

ಮಳೆ. ಹೋದೆ. ಬಂದೆ. ಅಕ್ಕನ ಮೈಯಿಂದ ಎರಡೂವರೆ ಲೀಟರು ನೀರು ತೆಗೆದರು.

ಜುಲೈ ೨೬, ಶುಕ್ರವಾರ

ಅಕ್ಕನಿಗೆ ದಿನಕ್ಕೆ ಮುಕ್ಕಾಲು ಲೀಟರು ನೀರು, ಚಹಾ ಮಜ್ಜಿಗೆ ಸಾರು ಎಲ್ಲ ಸೇರಿ. ನಾನು ಬಾಟಲಿ ಎತ್ತಿದರೆ ಗಂಟಲು ನೋಡುತ್ತಾಳೆ. ಈಗ ಗಾಡಿಯಲ್ಲಿ ಕುಡಿಯುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಕಾರಣವೇನೂ ಇಲ್ಲ, ಬಾಟಲಿ ಇಡಲು ಜಾಗವಿಲ್ಲ.

‘ನನ್ನ ಮೈಯಾಗೂ ನೀರು, ನಿನ್ನ ದಾರ್ಯಾಗೂ ನೀರು. ಇಬ್ಬರದೂ ಒಂದೇ ಹಣೆಬರಾ’ ಅಂದಳು.

ಸಣ್ಣ ಗೇರಿನ ಪಾಠ ಅವಳಿಗೆ ನನಗಿಂತ ಬೇಗ ಬಂದಿದೆ. ಎಲ್ಲಿ ಬಂಡೆ ಮಣ್ಣಿನಡಿ ಹೋಗುತ್ತದೆ, ಎಲ್ಲಿ ಮತ್ತೆ ಏಳುತ್ತದೆ ಎಂಬುದು ಅರವತ್ತು ವರ್ಷ ಬರಿಗಾಲಲ್ಲಿ ನಡೆದು ಅವಳಿಗೆ ಗೊತ್ತು. ‘ಹಾಕು’ ಅನ್ನುತ್ತಾಳೆ. ‘ತೆಗಿ’ ಅನ್ನುತ್ತಾಳೆ. ಹಾಸುಬಂಡೆಯ ಅಂಚಿಗೆ ಬಂದಾಗ ಅವಳ ಗುರುತು ಬೇರೆ:

‘ಅಪ್ಪ ಬಂದ. ತೆಗಿ.’

ಅಪ್ಪನನ್ನು ಮಣ್ಣು ಮಾಡಿದ ಗದ್ದುಗೆ ಅಲ್ಲೇ, ಬೇವಿನ ಗಿಡದ ಕೆಳಗೆ, ದಾರಿಯಿಂದ ನಾಲ್ಕು ಹೆಜ್ಜೆ. ಮೂರು ವಾರದಿಂದ ವಾರಕ್ಕೆರಡು ದಿನ ನಾನು ಅದರ ಎದುರಿಗೇ ಇಳಿದು ಬಗ್ಗಿ ಹಬ್ ತಿರುವುತ್ತಿದ್ದೇನೆ. ಗದ್ದುಗೆಯ ಮೇಲಿನ ಕಲ್ಲು ನಮ್ಮ ಡಿಪೋದಿಂದ ಹೋದದ್ದು. ಮೊದಲ ದರ್ಜೆ, ಕಂದು ಗೆರೆ ಇಲ್ಲದ್ದು. ನಾನೇ ಆರಿಸಿದ್ದೆ. ಆಳಿನ ಕೈಯಲ್ಲಿ ಕಳಿಸಿದ್ದೆ.

ಆಗಸ್ಟ್ ೨, ಶುಕ್ರವಾರ

ಹೋಗಿಬಂದದ್ದರಲ್ಲಿ ವಿಶೇಷವಿಲ್ಲ. ಬರೆಯಬೇಕಾದದ್ದು ಬೇರೆ ಇದೆ. ಒಂದು ತಿಂಗಳಿನಿಂದ ಈ ಪುಸ್ತಕ ಅದರ ಸುತ್ತ ತಿರುಗುತ್ತಿದೆ.

ಹನ್ನೊಂದು ವರ್ಷದ ಹಿಂದೆ, ಇಂಥದ್ದೇ ಆಷಾಢ. ಬೆಳಗ್ಗೆ ಏಳಕ್ಕೆ ಸುದ್ದಿ ಬಂತು. ಡಿಪೋದಲ್ಲಿ ಎರಡು ಲಾರಿ ಸೊಲ್ಲಾಪುರಕ್ಕೆ ತುಂಬುವುದಿತ್ತು. ಇನ್ನೊಬ್ಬರು ತುಂಬಿಸಬಹುದಾಗಿತ್ತು. ನಾನೇ ನಿಂತು ತುಂಬಿಸಿದೆ. ಒಂದೊಂದು ಕಲ್ಲನ್ನೂ ತಟ್ಟಿ ನೋಡಿ, ಫಸ್ಟು, ಸೆಕೆಂಡು ಎಂದು ಹೇಳಿ. ಅಳುವವರ ನಡುವೆ ನಿಲ್ಲುವುದು ನನಗೆ ಬರುವುದಿಲ್ಲ. ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ. ಅದು ಸ್ವಲ್ಪ ಮುಗಿಯಲಿ ಎಂದಿತ್ತು ಮನಸ್ಸು. ಹನ್ನೆರಡೂವರೆಗೆ ಹೊರಟೆ. ಆಗ ಡಾಂಬರು ಇನ್ನೂ ಹಿಂದೆಯೇ ಮುಗಿಯುತ್ತಿತ್ತು, ಮುಂದೆ ಎರೆಮಣ್ಣು; ಆ ತುದಿಯಲ್ಲಿ ಗಾಡಿ ಬಿಟ್ಟು, ಬಂಧುಬಳಗಕ್ಕಾಗಿ ನಿಲ್ಲಿಸಿದ್ದ ಟ್ರ್ಯಾಕ್ಟರು ಹತ್ತಿ ಬಂದೆ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿ ಆಗಿತ್ತು. ಮಣ್ಣು ಎಳೆದು ಸಮ ಮಾಡುತ್ತಿದ್ದರು.

ಜನ ನನ್ನನ್ನು ನೋಡಿದರು. ಯಾರಾದರೂ ಕೇಳುವ ಮೊದಲೇ ಅಕ್ಕ ಜೋರಾಗಿ ಅಂದಳು: ‘ಗಾಡಿ ಮಣ್ಣಾಗ ಸಿಕ್ಕೊಂಡದ. ಪಾಪ, ಎಷ್ಟು ಒದ್ದಾಡಿದ್ದಾನೋ.’

ನಾನು ಸುಳ್ಳು ಹೇಳಲಿಲ್ಲ. ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೆ ಆ ಊರಿಗೆ ಹೋಗುವುದು ಕಮ್ಮಿಯಾಯಿತು. ಹೋದರೂ ಸಂಜೆಯೊಳಗೆ ವಾಪಸು.

ಆಗಸ್ಟ್ ೬, ಮಂಗಳವಾರ

ತಪ್ಪಿತು.

ನಸುಕಿನ ನಾಲ್ಕರಿಂದಲೇ ಮಳೆ ಹೊಡೆಯುತ್ತಿತ್ತು. ತುಸು ಹಿಂದೆಗೆಯಲಿ ಎಂದು ಅಂಗಿ ತೊಟ್ಟು ಬಾಗಿಲಲ್ಲಿ ಕಾದೆ. ಹೆಂಡತಿ ರಾಜೇಶ್ವರಿ ಎರಡು ಸಲ ಚಹಾ ಕೊಟ್ಟಳು. ಎರಡನೆಯ ಸಲ ‘ಮಳಿಗಿ ನೀವು ಕಾದ್ರ, ಮಳಿ ನಿಮಗ ಕಾಯ್ತದೇನು?’ ಅಂದಳು. ಏಳೂವರೆಗೆ ಬಿಟ್ಟೆ. ಹತ್ತಕ್ಕೆ ಹಳ್ಳದ ದಂಡೆ. ನೀರು ಕೆಂಪಾಗಿ ಎದೆಮಟ್ಟ ಹೋಗುತ್ತಿತ್ತು. ಹಬ್ ತಿರುವಿದ್ದೆ, ಗೇರು ಹಾಕಿದ್ದೆ, ಎಲ್ಲ ಸರಿಯಾಗಿತ್ತು.

ಆಚೆ ದಂಡೆಯಲ್ಲಿ ಅಕ್ಕ ಗೋಣಿಯ ಕೊಪ್ಪೆ ಹೊದ್ದು ಕಲ್ಲಿನ ಮೇಲೆ ಕೂತಿದ್ದಳು. ಬಸ್ಸಮ್ಮ ಪಕ್ಕದಲ್ಲಿ. ನೀರಿನ ಸದ್ದಿಗೆ ಕೂಗು ಮುಟ್ಟದು. ಫೋನು ಮಾಡಿದೆ. ಎದುರಿಗೆ ಕಾಣುವ ಮನುಷ್ಯರ ದನಿ ಕಿವಿಯಲ್ಲಿ ಬರುವುದು ವಿಚಿತ್ರ.

ಮೊದಲು ಬಸ್ಸಮ್ಮ. ‘ಎಂಟಕ್ಕ ಮೊಣಕಾಲ ಮಟ ಇತ್ರಿ. ಆರರಿಂದ ಇಲ್ಲೇ ಕುಂತೀವಿ.’

ಆಮೇಲೆ ಅಕ್ಕ. ‘ಬಿಳಿ ಅಂಗಿ ಹಾಕ್ಕೊಂಡೀದೇನು?’

‘ಹೂಂ.’

‘ಕಾಣಾಕತ್ತದ. ಹೋಗು, ತೊಯ್ಸಿಕೊಬ್ಯಾಡ. ಶುಕ್ರವಾರ ಬಾ.’

ಮುಳುಗಡೆಯ ಗುರುತಿಗೆ ನೆಟ್ಟ ಕಲ್ಲು ಹೊರಬರುತ್ತದೇನೋ ಎಂದು ಒಂದರವರೆಗೆ ನಿಂತೆ. ಬರಲಿಲ್ಲ. ಆಸ್ಪತ್ರೆಯವರು ನಾಳೆ ಜಾಗವಿಲ್ಲ, ಶುಕ್ರವಾರ ಮಾತ್ರ ತಪ್ಪಿಸಬೇಡಿ ಎಂದರು. ಮಾತ್ರ ಎಂಬ ಮಾತನ್ನು ಒತ್ತಿ ಹೇಳಿದರು.

ಆಗಸ್ಟ್ ೮, ಗುರುವಾರ. ಅಕ್ಕನ ಮನೆ

ಈ ಪುಸ್ತಕವನ್ನು ಇಲ್ಲಿಗೆ ತಂದದ್ದು ಇದೇ ಮೊದಲ ಸಲ.

ನಾಳೆ ಬೆಳಗ್ಗೆ ಬರಬೇಕಾಗಿದ್ದವನು ಇಂದು ಮಧ್ಯಾಹ್ನವೇ ಬಂದೆ, ಹಳ್ಳ ಇಳಿದಿರುವಾಗ. ಮೂಲೆ ಒಡೆದ ಹನ್ನೆರಡು ಫರಸಿ ಹಿಂದೆ ಹೇರಿಕೊಂಡಿದ್ದೇನೆ; ಖಾಲಿ ಗಾಡಿಯ ಹಿಂಭಾಗ ಹಗುರ, ಭಾರವಿದ್ದರೆ ಗಾಲಿ ನೆಲ ಕಚ್ಚುತ್ತವೆ ಎಂದು ಮಜೀದಸಾಬ ಹೇಳಿದ. ನೀರಿಗಿಳಿಯುವ ಮೊದಲು ಕೋಲು ಹಿಡಿದು ನಡೆದು ನೋಡಿದೆ. ಸಣ್ಣ ಗೇರಿನ ‘ಲೋ’ದಲ್ಲಿ, ವೇಗ ಕಮ್ಮಿ ಬಲ ಹೆಚ್ಚು, ಒಂದೇ ಸಮ, ನಿಲ್ಲದೆ, ಅವಸರಿಸದೆ ದಾಟಿದೆ. ಮನೆ ಮುಂದೆ ಗಾಡಿ ಹೊರಮುಖ ಮಾಡಿ ನಿಲ್ಲಿಸಿದ್ದೇನೆ. ಹಬ್ ತೆಗೆಯದೆ, ಹಾಕಿದ್ದಂತೆಯೇ ಬಿಟ್ಟಿದ್ದೇನೆ.

ಹೊರಡುವಾಗ ರಾಜೇಶ್ವರಿ ಚೀಲ ನೋಡಿ, ‘ಹನ್ನೊಂದು ವರ್ಷದಾಗ ಒಂದು ರಾತ್ರಿ ಅಲ್ಲಿ ಉಳದಿಲ್ಲ, ಬ್ರಶ್ ಒಯ್ಯಾಕತ್ತೀರಿ?’ ಅಂದಳು. ಲುಂಗಿಯನ್ನೂ ಹಾಕಿದಳು.

ಅಕ್ಕ ಮಲಗಲಾರಳು. ಗೋಡೆಗೆ ಮೂರು ದಿಂಬು ಕೊಟ್ಟು ಕೂರಿಸಿದ್ದಾರೆ. ಪಾದದ ಮೇಲೆ ಬೆರಳಿಟ್ಟರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ನಾನು ಬಂದು ಮೂರು ತಾಸಾಯಿತು, ಒಂದೂ ಚುಚ್ಚುಮಾತು ಆಡಿಲ್ಲ. ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತೆರಡು. ಅಕ್ಕನ ಎಮ್ಮೆಗಳಿಗೆ ಮೇವು ಹಾಕಿದೆ. ಒಂದಕ್ಕೆ ನನ್ನ ಕಂಡರೆ ಆಗುವುದಿಲ್ಲ, ಒದೆಯಿತು.

ಕತ್ತಲಾಗುತ್ತಿದೆ. ಪಡುವಣದಲ್ಲಿ ಮೋಡವಿದೆ. ನಾಳೆ ಬೆಳಕು ಹರಿಯುತ್ತಲೇ.

ಆಗಸ್ಟ್ ೯, ಶುಕ್ರವಾರ. ಆಸ್ಪತ್ರೆಯ ಹೊರಗಿನ ಬೆಂಚು

ಐದು ಮುಕ್ಕಾಲಿಗೆ ಹೊರಟೆವು. ಅಕ್ಕನನ್ನು ನಾನೂ ಬಸ್ಸಮ್ಮನೂ ಎತ್ತಿಯೇ ಕೂರಿಸಿದೆವು. ಬಸ್ಸಮ್ಮ ಸಲಿಕೆ ಹಿಡಿದು ಹಿಂದೆ ಕಲ್ಲಿನ ಮೇಲೆ ಕೂತಳು. ಹಳ್ಳದ ನೀರು ಮೊಣಕಾಲಿಗಿಂತ ತುಸು ಮೇಲೆ. ದಾಟಿದೆ. ಆಚೆ ದಂಡೆ ಏರುವಾಗ ಎಡಗಡೆಯ ಎರಡೂ ಗಾಲಿ ಕೊರಕಲಿಗೆ ಇಳಿದವು. ಗಾಲಿ ಒಮ್ಮೆ ಬರಿದೇ ತಿರುಗಿದ್ದು ಸೀಟಿನ ಕೆಳಗೆ ಗೊತ್ತಾಯಿತು. ಕಾಲು ತೆಗೆದೆ. ಜುಲೈ ತಿಂಗಳಾಗಿದ್ದರೆ ಒತ್ತುತ್ತಿದ್ದೆ.

ಇಳಿದೆ. ಗಾಲಿಯ ಮುಂದಿನ ಮಣ್ಣು ಕೈಯಿಂದಲೇ ತೋಡಿದೆ. ಸಲಿಕೆಗೆ ಅಂಟಿದರೆ ಈ ಮಣ್ಣು ಬಿಡುವುದಿಲ್ಲ. ಎರಡು ಫರಸಿ ಇಳಿಸಿ ಗಾಲಿಯಡಿ ಕೊಟ್ಟೆ. ಹತ್ತಿ ಮೆಲ್ಲಗೆ ಬಿಟ್ಟೆ. ಗಾಲಿ ಕಲ್ಲಿನ ಮೇಲೆ ಸುಯ್ಯೆಂದು ಜಾರಿತು, ಒಂದು ಕಲ್ಲು ಹಿಂದಕ್ಕೆ ಹಾರಿ ಬಸ್ಸಮ್ಮನ ಕಾಲ ಹತ್ತಿರ ಬಿತ್ತು.

ಅವಳು ಕಲ್ಲು ನೋಡಿದಳು, ನನ್ನನ್ನು ನೋಡಿದಳು. ‘ಅಯ್ಯ ಯಪ್ಪಾ, ನುಣುಪು ಮಾರಿ ಮ್ಯಾಲ ಮಾಡಿ ಇಟ್ಟೀರಲ್ರಿ! ಗಾಲಿ ಏನು ಗಿರಾಕಿ ಆಗ್ಯಾದೇನು?’

ಇಪ್ಪತ್ತೇಳು ವರ್ಷದ ಕಲ್ಲಿನ ವ್ಯಾಪಾರ. ಕಲ್ಲು ಕೈಗೆ ಬಂದರೆ ಪಾಲಿಶ್ ಮಾಡಿದ ಮುಖವೇ ಮೇಲೆ ಹೋಗುತ್ತದೆ. ಕೈ ನನ್ನನ್ನು ಕೇಳುವುದಿಲ್ಲ. ತಿರುವಿ ಹಾಕತೊಡಗಿದೆ, ಗಣಿಯ ಒರಟು ಮುಖ ಮೇಲಾಗಿ. ಅಕ್ಕನ ಕಿಟಕಿಯ ಕೆಳಗೇ ಮಂಡಿಯೂರಿದ್ದೆ. ಅವಳ ಉಸಿರು ಮೇಲಿನಿಂದ ಕೇಳುತ್ತಿತ್ತು, ಒಳಗೆ ಸಣ್ಣಗೆ ನೀರು ಕುದಿಯುವ ಸದ್ದಿನ ಹಾಗೆ. ನಾನು ಮಂಗಳವಾರ ಐದಕ್ಕೆ ಹೊರಟಿದ್ದರೆ ಆ ಸದ್ದು ಇರುತ್ತಿರಲಿಲ್ಲ.

‘ಅಕ್ಕಾ, ಅಪ್ಪ ಸತ್ತ ದಿನ ನಾ ಮಣ್ಣಾಗ ಸಿಕ್ಕೊಂಡಿದ್ದಿಲ್ಲ’ ಅಂದೆ.

ಯಾಕೆ ಆಗಲೇ ಅಂದೆನೋ. ಕೈ ಕೆಲಸದಲ್ಲಿತ್ತು.

‘ಗೊತ್ತದ’ ಅಂದಳು.

ನಾನು ಕಲ್ಲು ಒತ್ತುತ್ತಿದ್ದೆ.

‘ನಿನ್ನ ಅಂಗಿದು… ಇಸ್ತ್ರಿ ಮುರದಿದ್ದಿಲ್ಲ. ಬಿಳೀ ಅಂಗಿ.’ ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದಳು. ‘ಯರಿಮಣ್ಣಾಗ ಸಿಕ್ಕವ… ಹಂಗ ಬರ್ತಾನೇನು?’

‘ಮತ್ತ ಯಾಕ ಹಂಗ ಹೇಳಿದಿ?’

‘ಮಂದಿ ನೋಡಾಕತ್ತಿದ್ರು. ಒಬ್ಬನೇ ನಿಂತಿದ್ದಿ. ಏನರ ಹೇಳಬೇಕಾಗಿತ್ತು.’ ಕಿಟಕಿಯಿಂದ ಬಗ್ಗಿ ನನ್ನ ಮುಖ ನೋಡಿದಳು. ‘ಈಗ ಸಿಕ್ಕೀದಿ ನೋಡು. ಮಾರಿ ಕನ್ನಡ್ಯಾಗ ನೋಡ್ಕೊ. ನಂದು ಸುಳ್ಳು ಹನ್ನೊಂದು ವರ್ಷಕ್ಕ ಖರೇ ಆತು. ಎದ್ದು ಗಾಡಿ ತೆಗಿ.’

ಹತ್ತಿದೆ. ಲೋ, ಎರಡನೆಯ ಗೇರು, ಕ್ಲಚ್ಚಿನಿಂದ ಕಾಲು ಪೂರ್ತಿ ದೂರ. ಮುಂದಿನ ಎಡಗಾಲಿ ಒರಟು ಕಲ್ಲು ಕಚ್ಚಿತು, ಗಾಡಿ ಒಮ್ಮೆ ವಾಲಿ ಎದ್ದಿತು. ಬಸ್ಸಮ್ಮ ಹಿಂದೆ ಏನೋ ಕೂಗಿದಳು. ನಿಲ್ಲಿಸಲಿಲ್ಲ. ಕಲ್ಲುಗಳನ್ನು ಅಲ್ಲೇ ಬಿಟ್ಟೆ. ಹಾಸುಬಂಡೆಯ ಅಂಚಿಗೆ ಅಕ್ಕ ಬಾಯಿ ತೆರೆದಳು, ಮಾತು ಹೊರಡಲಿಲ್ಲ.

‘ಅಪ್ಪ ಬಂದ. ತೆಗೀತೀನಿ’ ಅಂದೆ.

ಎಂಟೂ ಇಪ್ಪತ್ತಕ್ಕೆ ಆಸ್ಪತ್ರೆ. ಸ್ಟ್ರೆಚರು, ಮೂಗಿಗೆ ಆಮ್ಲಜನಕದ ಕೊಳವೆ, ಯಂತ್ರ. ಬಸ್ಸಮ್ಮ ಚಹಾ ಹುಡುಕಿ ಹೋಗಿದ್ದಾಳೆ. ನನ್ನ ಎರಡೂ ಕಡೆ ಬೆಂಚು ಖಾಲಿ. ಮಣ್ಣಿನ ಮನುಷ್ಯನ ಪಕ್ಕ ಯಾರೂ ಕೂರಲೊಲ್ಲರು.

ಹನ್ನೊಂದು ಗಂಟೆ. ಒಳಗೆ ಕರೆದರು. ಉಸಿರು ಇಪ್ಪತ್ತೆರಡು.

ಒಂದೂವರೆ. ನಾಲ್ಕು ಲೀಟರು ತೆಗೆದಿದ್ದಾರೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಾಳೆ. ಪಕ್ಕದ ಮಂಚದವಳಿಗೆ ಹೇಳುತ್ತಿದ್ದಳು: ‘ಇವತ್ತ ನಾಗರ ಪಂಚಮಿ ನೋಡ್ರಿ. ನನ್ನ ತವರು ಮನಿ ಎರಡು ಓಣಿ ದೂರ. ನಲವತ್ತು ವರ್ಷದಾಗ ಒಬ್ಬರೂ ಗಾಡಿ ತಂದು ಕರದಿದ್ದಿಲ್ಲ. ಇವತ್ತ ಬಂದಾನ. ಎಲ್ಲೀಗಿ ಕರಕೊಂಡು ಬಂದಾನ ನೋಡ್ರಿ, ಜೋಕಾಲಿ ಆಡಸಾಕ.’

ಹೆಂಗಸು ನಕ್ಕಳು. ನಾನೂ.

ಆಗಸ್ಟ್ ೧೩, ಮಂಗಳವಾರ

ಹಳ್ಳದ ಏರಿನಲ್ಲಿ ಆ ಕಲ್ಲುಗಳು ಹಾಗೇ ಇದ್ದವು, ಯಾರೂ ಒಯ್ದಿಲ್ಲ. ಇನ್ನಷ್ಟು ತಂದು ಎರಡು ಸಾಲು ಹಾಸಿದೆ, ಗಾಲಿಯ ಅಳತೆಗೆ. ಒರಟು ಮುಖ ಮೇಲೆ. ಅಂಬರಾಯನ ಎತ್ತಿನ ಗಾಡಿಯೂ ಈಗ ಅದರ ಮೇಲೇ ಏರುತ್ತದೆ. ಎಮ್ಮೆ ಒದೆಯಲಿಲ್ಲ.

ಸೆಪ್ಟೆಂಬರ್ ೨೪, ಮಂಗಳವಾರ

ಸೇತುವೆಯ ಒಂದು ಬದಿ ಬಿಟ್ಟುಕೊಟ್ಟಿದ್ದಾರೆ. ಆಟೋದವನು ಬೆಳಗ್ಗೆ ಆರಕ್ಕೇ ಬಾಗಿಲಿಗೆ ಬಂದ. ನಾನು ನಿನ್ನೆ ಸಂಜೆ ಬಂದವನು ಹಲ್ಲುಜ್ಜುತ್ತಿದ್ದೆ. ಅಕ್ಕ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು.

‘ಇವತ್ತೊಂದು ದಿನ ನಾನೇ ಹೋಗ್ತೀನಿ’ ಅಂದೆ. ‘ಸಣ್ಣ ಗೇರು ಬಳಸದಿದ್ದರ ಹಿಡಕೋತದಂತ. ಮಜೀದಸಾಬ ಹೇಳ್ಯಾನ.’

‘ಅವ ತಿಂಗಳಿಗೊಮ್ಮೆ ಅಂದಾನಂತ ನೀನೇ ಹೇಳಿದ್ದಿ. ವಾರಕ್ಕ ಎರಡು ಸಲ ಅಂದಿಲ್ಲ.’ ಆಟೋದವನ ಕಡೆ ತಿರುಗಿದಳು. ‘ಹೋಗಪ್ಪ. ಇವನ ಗೇರು ಹಿಡಕೊಂಡದ.’

ಸೇತುವೆ ಬಿಟ್ಟು ಹೊಲದ ದಾರಿ ಹಿಡಿದೆ. ರಾತ್ರಿ ತುಂತುರು ಬಿದ್ದು ಮಣ್ಣು ಮೆತ್ತಗಾಗಿತ್ತು, ಅಷ್ಟೇ. ಹಾಸುಬಂಡೆಯ ಅಂಚಿಗೆ ನಿಲ್ಲಿಸಿ ಇಳಿದೆ. ಬಲಗಾಲಿ, ಎಡಗಾಲಿ. ಗಾಲಿಯ ಮೇಲಿನ ಸಂದಿನಲ್ಲಿ ಮಣ್ಣು ಗಿಡಿದುಕೊಂಡಿತ್ತು. ಬೆರಳು ಹಾಕಿ ಕಿತ್ತು ದಾರಿಯ ಬದಿಗೆ ಒಗೆಯತೊಡಗಿದೆ.

‘ಅಲ್ಲಿ ಬ್ಯಾಡ’ ಅಂದಳು ಅಕ್ಕ ಕಿಟಕಿಯಿಂದ. ‘ಈ ಕಡಿ ಹಾಕು.’

ಗದ್ದುಗೆಯ ಕಲ್ಲಿನ ಬುಡದಲ್ಲಿ ಮಳೆಗೆ ಮಣ್ಣು ಕುಸಿದು ಪೊಳ್ಳಾಗಿತ್ತು. ನಾಲ್ಕು ಹೆಜ್ಜೆ ಹೋಗಿ ಅಲ್ಲಿ ಹಾಕಿದೆ. ಮತ್ತೆ ಬಂದು ಕಿತ್ತು, ಮತ್ತೆ ಹೋಗಿ ಹಾಕಿದೆ. ಎಷ್ಟು ಹಿಡಿ ಎಂದು ಎಣಿಸಲಿಲ್ಲ. ಎರಡೂ ಗಾಲಿಯ ಸಂದು ಖಾಲಿಯಾಗುವವರೆಗೆ. ಪಾದದಿಂದ ಒತ್ತಬೇಕೆಂದು ಹೋದವನು ಬಗ್ಗಿ ಅಂಗೈಯಿಂದಲೇ ಒತ್ತಿದೆ.

ಗಾಡಿ ಹತ್ತಿದಾಗ ಅಕ್ಕ ಮುಂದೆ ನೋಡುತ್ತಿದ್ದಳು.

‘ಗಟ್ಟಿ ನೆಲ ಬಂತು’ ಅಂದಳು. ‘ತೆಗಿ.’

ತೆಗೆದೆ.